ಕೊನೆಯ ಪುಟದ ‘ಬರ್ತೀನಿ’

‘ಹೋಗಲಾ’ ಎಂದು ಬರೆಯಬೇಕೋ ‘ಹೋಗ್ಲಾ’ ಎಂದೋ ಎಂಬ ಯೋಚನೆಯಲ್ಲಿ ಅವನು ಶೇವಿಂಗ್ ಬ್ರಷ್ಷನ್ನು ಕೆನ್ನೆಯ ಮೇಲೆ ಹಾಗೇ ಹಿಡಿದುಕೊಂಡು ನಿಂತುಬಿಟ್ಟಿದ್ದ. ಹೆಂಡತಿ ಬಚ್ಚಲುಮನೆಯ ಬಾಗಿಲಲ್ಲಿ ನಿಂತು ಆ ಮಾತು ಆಡಿ ಆಗಲೇ ಸ್ವಲ್ಪ ಹೊತ್ತಾಗಿತ್ತು. ಅವಳು ಉತ್ತರಕ್ಕೆ ಕಾಯುತ್ತಿದ್ದಾಳೆ ಎಂಬುದು ಆಮೇಲೆ ಹೊಳೆಯಿತು.

“ಎಲ್ಲಿಗೆ?” ಎಂದ.

“ಅಕ್ಕನ ಮನೆಗೆ. ಮೊನ್ನೆಯಿಂದ ಹೇಳ್ತಾನೇ ಇದೀನಿ.”

“ಓ, ಅದಾ. ಒಂದು ವಾರಕ್ಕಾ?”

“ಬೀರುವಿನಲ್ಲಿ ನನ್ನ ಕಡೆ ಪೂರ್ತಿ ಖಾಲಿ ಮಾಡಿದೀನಿ. ನೋಡ್ಲಿಲ್ವಾ?”

ಅವನು ನೋಡಿರಲಿಲ್ಲ. ಅದೇ ಬೀರುವಿನಿಂದ ಬೆಳಿಗ್ಗೆ ಎದ್ದು ಅಂಗಿ ತೆಗೆದುಕೊಂಡಿದ್ದ. ಅಂಗಿಯ ಗುಂಡಿ ನೆಟ್ಟಗಿದೆಯೇ ಎಂದು ನೋಡಿದ್ದ.

“ಅಕ್ಕನಿಗೆ ಮಂಡಿ ಆಪರೇಷನ್ ಆದ್ಮೇಲೆ ಒಬ್ಬಳೇ ಆಗಲ್ಲ. ನನಗೂ ರಿಟೈರಾಯ್ತು. ಸಂಜೆ ಬಸ್ಸು. ನೀವು ಬೇಡ ಅಂದ್ರೆ ಹೋಗಲ್ಲ. ಅಷ್ಟು ಹೇಳೋಣ ಅಂತ ಬಂದೆ.”

“ಇವತ್ತು ರೆಕಾರ್ಡಿಂಗ್ ಇದೆ.”

“ಗೊತ್ತು.”

“ಬಂದ್ಮೇಲೆ ಮಾತಾಡೋಣ.”

“ಹೂಂ. ಹೋಗ್ಲಿ ಬಿಡಿ. ನೊರೆ ಒಣಗ್ತಿದೆ ನೋಡಿ.”

ಅವಳು ಹೋದ ಮೇಲೆ ಅವನು ಕನ್ನಡಿಯಲ್ಲಿ ತನ್ನ ಬಿಳಿ ಮುಖವನ್ನು ನೋಡಿಕೊಂಡ. ಹೋಗಲಾ ಎಂದು ಕೇಳಿದವಳೇ ಹೋಗ್ಲಿ ಬಿಡಿ ಎಂದಳು. ಒಂದೇ ಧಾತು, ಎರಡು ಬಾಗಿಲು. ಚೆನ್ನಾಗಿದೆ, ಎಂದುಕೊಂಡ. ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆಯಾದರೂ ಆ ಮಾತನ್ನು ಮರೆಯಬಾರದೆಂದು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡ.

ಹೆಣ್ಣಿನ ಮಾತನ್ನು ಅವನಷ್ಟು ಸಹಜವಾಗಿ ಬರೆದ ಕಾದಂಬರಿಕಾರ ಇನ್ನೊಬ್ಬನಿಲ್ಲ ಎಂದು ವಿಮರ್ಶಕರು ಬರೆದು ಬರೆದು ಅದು ಅವನ ಹೆಸರಿನ ಬಾಲವೇ ಆಗಿಹೋಗಿತ್ತು. ಸಂದರ್ಶನಕ್ಕೆ ಬಂದವರೆಲ್ಲ, ಎಲ್ಲಿಂದ ಬರುತ್ತೆ ಸರ್ ಈ ಮಾತು, ಎಂದು ತಪ್ಪದೆ ಕೇಳುತ್ತಿದ್ದರು. ಅವನು ಕನ್ನಡಕ ತೆಗೆದು ಒರೆಸಿಕೊಂಡು, “ಕಿವಿ ತೆರೆದಿಟ್ಟುಕೊಂಡರೆ ಸಾಕು” ಎನ್ನುತ್ತಿದ್ದ. ಅದು ಸುಳ್ಳೇನೂ ಅಲ್ಲ.

ಮಾತು ಬರುತ್ತಿದ್ದದ್ದು ಅಡುಗೆಮನೆಯಿಂದ.

ಬರೆಯುವಾಗ ಗಂಡಸಿನ ಮಾತನ್ನು ಗಟ್ಟಿಯಾಗಿ ಆಡಿ ನೋಡುವುದು ಅವನ ಅಭ್ಯಾಸ. ಮದುವೆಯಾದ ಹೊಸದರಲ್ಲಿ ಒಂದು ಬೆಳಿಗ್ಗೆ ಮೇಜಿನ ಮುಂದೆ ಕೂತು, “ನೀನು ಯಾವತ್ತಾದ್ರೂ ನನ್ನನ್ನ ನಂಬಿದೀಯಾ?” ಎಂದು ತನ್ನ ಪಾತ್ರದ ಮಾತನ್ನು ಹೇಳಿಕೊಂಡು, ಮುಂದೆ ತೋಚದೆ ಪೆನ್ನು ಕಚ್ಚುತ್ತಿದ್ದ. ಒಳಗಿನಿಂದ ಉತ್ತರ ಬಂತು. “ನಂಬದೆ ಏನ್ ಮಾಡ್ಲಿ? ತಾಳಿ, ಹಾಲು ಉಕ್ಕುತ್ತೆ.” ಅವನು ಅದನ್ನು ಹಾಗೆಹಾಗೇ ಬರೆದುಕೊಂಡ. ಹಾಲನ್ನೂ ಬಿಡಲಿಲ್ಲ.

ಆಮೇಲೆ ಅದೇ ರೂಢಿಯಾಯಿತು. ಅವನು ಈ ಕೋಣೆಯಲ್ಲಿ ಒಂದು ಮಾತು ಎಸೆಯುವುದು, ಅವಳು ಆ ಕೋಣೆಯಿಂದ ಒಂದು ಮಾತು ಎಸೆಯುವುದು. ಪುಸ್ತಕ ಅಚ್ಚಾಗಿ ಬಂದಾಗ ಓದಿ ಅವಳು ನಕ್ಕಿದ್ದಳು. “ಅಯ್ಯೋ, ನನ್ನ ಹಾಲು ಉಕ್ಕಿದ್ದೂ ಬಂದಿದೆಯಲ್ರೀ!” ಕೊನೆಯ ಪುಟ ಓದಿದ ಮೇಲೆ ಮಾತ್ರ ಏನೂ ಹೇಳಲಿಲ್ಲ. ಪುಸ್ತಕ ಮುಚ್ಚಿಟ್ಟು ಬಟ್ಟೆ ಒಣಹಾಕಲು ಹೋದಳು. ಕೊನೆ ಹಿಡಿಸಿಲ್ಲವೇನೋ ಎಂದುಕೊಂಡು ಅವನು ಸುಮ್ಮನಾದ.

ಅವಳ ಕೆಲಸ ಕಣ್ಣಾಸ್ಪತ್ರೆಯಲ್ಲಿ. ಬಂದವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಮೂಗಿನ ಮೇಲೆ ಭಾರದ ಚೌಕಟ್ಟು ಇಟ್ಟು, ಒಂದೊಂದೇ ಗಾಜು ಬದಲಿಸುತ್ತ ದಿನವಿಡೀ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: “ಇದಾ, ಅದಾ? ಯಾವುದು ಚೆನ್ನಾಗಿ ಕಾಣುತ್ತೆ?” ಒಂದು ಸಂಜೆ ಅವನು ಮೇಜಿನಿಂದ, “ನಿನಗೆ ನನ್ನಿಂದ ಬೇಜಾರಾಗಿದೆಯಾ?” ಎಂದಾಗ ಅವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಹೊರಗೇ ಬಂದುಬಿಟ್ಟಳು. ಕಣ್ಣು ತುಂಬಿತ್ತು. ಬಾಯಿ ತೆರೆದಳು. ಅಷ್ಟರಲ್ಲಿ ಅವನ ಕೈಯ ಪೆನ್ನು ಕಂಡಿತು.

“ಇದು ನನಗಾ, ಪುಸ್ತಕಕ್ಕಾ?” ಎಂದಳು, ಗಾಜು ಬದಲಿಸುವ ದನಿಯಲ್ಲೇ.

ಅವನು ನಕ್ಕ. ನಗಬಾರದಿತ್ತು. ಅವತ್ತಿನಿಂದ ಪ್ರತಿ ಮಾತಿಗೂ ಅದೇ ಪ್ರಶ್ನೆ ಬರತೊಡಗಿತು. ಬರುಬರುತ್ತ ಪ್ರಶ್ನೆಯೂ ನಿಂತು, ಒಳಗಿನಿಂದ ಬರೀ ಪಾತ್ರೆಯ ಸದ್ದು ಬರತೊಡಗಿತು. ಆಮೇಲೆ ಅವನು ಬರೆದ ಎರಡು ಕಾದಂಬರಿಗಳೂ ಮಕಾಡೆ ಮಲಗಿದವು. ‘ಇಲ್ಲಿಯ ಗಂಡ ಹೆಂಡಿರು ಒಬ್ಬರಿಗೊಬ್ಬರು ಪ್ರಬಂಧ ಓದಿ ಹೇಳುತ್ತಾರೆ’ ಎಂದು ಒಬ್ಬ ಬರೆದ. ಕಾರಣ ಗೊತ್ತಿದ್ದವರು ಇಬ್ಬರೇ. ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ.

ಸ್ಟುಡಿಯೋ ಇದ್ದದ್ದು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗ ಔಷಧಿಯ ವಾಸನೆ. ಒಳಗೆ ಹೋದರೆ ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು, ಕಿಟಕಿಯೆಂಬುದೇ ಇಲ್ಲ. ನಡುವೆ ಒಂದು ಸಣ್ಣ ಮೇಜು, ಎರಡು ಮೈಕು, ಎದುರುಬದುರು ಎರಡು ಕುರ್ಚಿ.

ಮೊದಲ ಕಾದಂಬರಿಯನ್ನು ಕೇಳುವ ಪುಸ್ತಕ ಮಾಡುವ ಉಪಾಯ ಪ್ರಕಾಶಕನದು. ಕಥೆಯ ಭಾಗವನ್ನು ಬೇರೊಬ್ಬರು ಆಗಲೇ ಓದಿ ಮುಗಿಸಿದ್ದರು. ಉಳಿದದ್ದು ಗಂಡ ಹೆಂಡಿರ ಮಾತುಗಳು ಮಾತ್ರ. ಗಂಡನ ಮಾತನ್ನು ಲೇಖಕನೇ ಓದಬೇಕು ಎಂಬುದೂ ಪ್ರಕಾಶಕನದೇ ಉಪಾಯ.

“ಜನ ಕುಣಿದಾಡ್ತಾರೆ ಸರ್,” ಎಂದಿದ್ದ ಅವನು. “ನಿಮ್ಮ ಹೊಸ ಪುಸ್ತಕ ಬರೋವರೆಗೂ ಇದೊಂದು ಆಸರೆ.” ಹೊಸ ಪುಸ್ತಕ ಬರುವುದಿಲ್ಲ ಎಂಬುದು ಪ್ರಕಾಶಕನಿಗೂ ಗೊತ್ತಿತ್ತು. ದೊಡ್ಡ ಮನುಷ್ಯ, ಹೇಳುತ್ತಿರಲಿಲ್ಲ.

ಹೆಂಡತಿಯ ಮಾತು ಓದಲು ಬಂದವಳು ಧಾರಾವಾಹಿಯ ನಟಿ. ಟೀವಿಯಲ್ಲಿ ಸೊಸೆಗೆ ಕಾಟ ಕೊಟ್ಟು ಹೆಸರಾದವಳು. ಎದುರಿಗೆ ನೋಡಿದರೆ ಅರಳು ಹುರಿದ ಹಾಗೆ ಮಾತಾಡುವ, ತಾನೇ ಹೇಳಿದ ಜೋಕಿಗೆ ಎಲ್ಲರಿಗಿಂತ ಮೊದಲು ನಗುವ ಹೆಂಗಸು. ಗಾಜಿನ ಆಚೆ ಕೂತು ರೆಕಾರ್ಡಿಂಗ್ ನೋಡಿಕೊಳ್ಳುವವನನ್ನು ಎಲ್ಲರೂ ಹೆಡ್‌ಫೋನು ಎಂದೇ ಕರೆಯುತ್ತಿದ್ದರು. ಅದನ್ನು ಕಿವಿಯಿಂದ ತೆಗೆದದ್ದನ್ನು ನೋಡಿದವರಿಲ್ಲವಂತೆ.

“ಸರ್, ಅರ್ಪಣೆ ಯಾರು ಓದೋದು? ನಾನಾ, ನೀವಾ?” ನಟಿ ಮೊದಲ ಪುಟ ತಿರುವಿ ಕೇಳಿದಳು. ಆಮೇಲೆ ತಾನೇ ಓದಿದಳು. “‘ಮಾತಿಲ್ಲದೆ ಜೊತೆಗಿದ್ದವಳಿಗೆ.’ ಆಹಾ! ಮನೆಯವರಿಗಾ ಸರ್?”

“ಹೂಂ.”

“ತುಂಬಾ ಮಾತು ಕಡಿಮೆನಾ ಅವರು?”

“ಈಗೀಗ ಕಡಿಮೆ.”

ಕೆಂಪು ದೀಪ ಹತ್ತಿತು. ಅವನು ಓದಿದ. “ನೀನು ಯಾವತ್ತಾದ್ರೂ ನನ್ನನ್ನ ನಂಬಿದೀಯಾ?”

“ನಂಬದೆ ಏನ್ ಮಾಡ್ಲಿ?” ಎಂದಳು ನಟಿ. “ತಾಳಿ, ಹಾಲು ಉಕ್ಕುತ್ತೆ.”

ಅವನ ಮೈ ಜುಮ್ಮೆಂದಿತು. ಎಷ್ಟೋ ವರ್ಷಗಳ ಮೇಲೆ ಅವನು ಒಂದು ಮಾತು ಆಡಿದ್ದಕ್ಕೆ ಒಂದು ಹೆಣ್ಣು ದನಿ ಉತ್ತರ ಕೊಟ್ಟಿತ್ತು. ಅವನು ಹುರುಪಿನಿಂದ ಮುಂದಿನದನ್ನು ಓದಿದ. ಅವಳು ಉತ್ತರ ಕೊಟ್ಟಳು. ಅವನು ಇನ್ನೊಂದು ಓದಿದ. ಊಟದ ಹೊತ್ತಿನವರೆಗೂ ಅವನು ನಿಜವಾಗಿ ಸಂತೋಷವಾಗಿದ್ದ. ಇದೊಂದನ್ನು ಹೇಳಬೇಕು, ಏಕೆಂದರೆ ಅವತ್ತಿನ ದಿನದಲ್ಲಿ ಅವನಿಗೆ ಸಿಕ್ಕ ಸಂತೋಷ ಅಷ್ಟೇ.

ಆದರೆ ಬರೀ ಮಾತುಗಳನ್ನು ಒಂದರ ಹಿಂದೆ ಒಂದು ಓದುತ್ತ ಹೋದರೆ ಏನೋ ಆಗುತ್ತದೆ. ಕಥೆಯ ಹೊದಿಕೆ ಇರುವುದಿಲ್ಲ. ಅವನು ಓದುತ್ತಿದ್ದ ಮಾತುಗಳು ಕಥೆಯ ಗಂಡನಾದ ಗುಮಾಸ್ತನವು. ಆ ಗುಮಾಸ್ತ ಇನ್ನೊಬ್ಬಳನ್ನು ಬಯಸಿದ್ದ, ಕಚೇರಿಯಲ್ಲಿ ಸೋತಿದ್ದ, ಊರು ಬಿಡಬೇಕೆಂದಿದ್ದ. ಎಲ್ಲ ಕಟ್ಟಿದ್ದು. ಎದುರಿನ ಮಾತುಗಳು ಮಾತ್ರ ಯಾರೂ ಕಟ್ಟಿದ್ದಲ್ಲ. “ನಿಮಗೆ ನಾನು ಇರೋದು ಕಾಣುತ್ತಾ?” “ನನ್ನ ಕೇಳಿ ಏನ್ ಮಾಡ್ತೀರಿ, ನಿಮಗೆ ಬೇಕಾದ್ದು ಮಾಡಿ.” “ಇವತ್ತು ಬೇಗ ಎದ್ದು ಬನ್ನಿ, ಒಟ್ಟಿಗೆ ಊಟ ಮಾಡೋಣ.” ಇಪ್ಪತ್ತಾರರ ಹುಡುಗಿಯೊಬ್ಬಳು ಒಲೆಯ ಮುಂದೆ ನಿಂತು, ಗಂಡ ತನ್ನ ಜೊತೆ ಮಾತಾಡುತ್ತಿದ್ದಾನೆಂದು ನಂಬಿ ಕೊಟ್ಟ ಉತ್ತರಗಳು. ಅವನು ಗುಮಾಸ್ತನ ಬಾಯಲ್ಲಿ ಕೇಳಿದ್ದ. ಅವಳು ತನ್ನ ಬಾಯಲ್ಲೇ ಹೇಳಿದ್ದಳು. ಒಟ್ಟಿಗೆ ಊಟ ಮಾಡೋಣ ಎಂದ ದಿನ ತಾನು ಎದ್ದು ಹೋಗಿದ್ದೆನೇ? ಎಷ್ಟು ತಡಕಾಡಿದರೂ ಅವನಿಗೆ ನೆನಪಾಗಲಿಲ್ಲ. ಮುಂದೆ ಗುಮಾಸ್ತ ಏನು ಮಾಡಿದ ಎಂಬುದು ಚೆನ್ನಾಗಿ ನೆನಪಿತ್ತು.

ಊಟಕ್ಕೆ ಬಿಟ್ಟಾಗ ಅವನು ಮೆಟ್ಟಿಲ ತಿರುವಿಗೆ ಹೋಗಿ ಮನೆಗೆ ಫೋನ್ ಮಾಡಿದ.

“ಏನ್ರೀ?”

“ಏನಿಲ್ಲ. ಊಟ ಆಯ್ತಾ?”

“ಆಯ್ತು. ನಿಮ್ಮದು?”

“ಆಗಬೇಕು.”

ಕೆಳಗಡೆ ಹಲ್ಲು ಕೊರೆಯುವ ಯಂತ್ರ ಸಣ್ಣಗೆ ಕೂಗುತ್ತಿತ್ತು. ಅವಳು ಕಾದಳು. ಅವನೂ ಕಾದ.

“ಅದೇನದು ಸದ್ದು?” ಎಂದಳು.

“ಹಲ್ಲಿನ ಡಾಕ್ಟ್ರು.”

“ಹಲ್ಲು ನೋವಾ?”

“ಇಲ್ಲ, ಇಲ್ಲ. ಕೆಳಗಡೆ.”

“ಸರಿ. ಇನ್ನೇನಾದ್ರೂ ಇತ್ತಾ?”

“ಇಲ್ಲ. ಬಸ್ಸು ಎಷ್ಟು ಹೊತ್ತಿಗೆ ಅಂದೆ?”

“ಕತ್ತಲಾಗೋಕೆ ಮುಂಚೆ,” ಎಂದಳು. ಫೋನ್ ಇಟ್ಟಳು.

ಬೇಡ, ಹೋಗಬೇಡ ಅನ್ನಲು ಎಷ್ಟು ಹೊತ್ತು ಬೇಕು? ಅವನು ಅಲ್ಲಿನ ಶೌಚಾಲಯಕ್ಕೆ ಹೋಗಿ, ಬಾಗಿಲು ಹಾಕಿಕೊಂಡು, ಕನ್ನಡಿಯ ಮುಂದೆ ಮೆಲ್ಲಗೆ ಹೇಳಿ ನೋಡಿದ. “ಹೋಗಬೇಡ.” ಇದು ಎರಡನೆಯ ಕಾದಂಬರಿಯ ಮೇಷ್ಟರ ಮಾತು. “ಇದ್ದುಬಿಡೇ.” ಇದನ್ನು ಮೂರನೆಯದರಲ್ಲಿ ರೈಲ್ವೆ ಸ್ಟೇಷನ್ನಿನಲ್ಲಿ ಖರ್ಚು ಮಾಡಿಯಾಗಿತ್ತು. “ನೀನಿಲ್ಲದೆ ನನಗೆ ಆಗಲ್ಲ.” ಇದನ್ನು ಹೇಳಿದ ಪಾತ್ರ ಸುಳ್ಳುಗಾರ. “ಇರು.” ಎರಡೇ ಅಕ್ಷರ. ಪರವಾಗಿಲ್ಲ ಅನ್ನಿಸಿತು. ಇನ್ನೊಮ್ಮೆ ಹೇಳಿದ. ಎರಡನೆಯ ಸಲಕ್ಕೆ ಅದೂ ನಟನೆಯಾಗಿ ಕೇಳಿತು. ಹೊರಗಿನಿಂದ ಯಾರೋ ಬಾಗಿಲು ತಟ್ಟಿ, “ಒಳಗೆ ಇಬ್ಬರಿದೀರಾ?” ಎಂದು ಕೇಳಿದರು. ಅವನು ಮುಖ ತೊಳೆದುಕೊಂಡು ಹೊರಬಂದ.

ಪ್ರಕಾಶಕ ಬಂದಿದ್ದ. ಬೆನ್ನು ತಟ್ಟಿ, “ಅಮ್ಮಾವ್ರನ್ನೂ ಕರ್ಕೊಂಡು ಬರಬೇಕಿತ್ತು ಸರ್,” ಎಂದ. “ಅವರಿಗೆ ಖುಷಿಯಾಗ್ತಿತ್ತು.”

“ಅವರಿಗೆ ಇವತ್ತು ಬೇರೆ ಕೆಲಸ ಇತ್ತು.”

“ಬಿಡಿ, ರೆಡಿ ಆದ್ಮೇಲೆ ಮನೇಲೇ ಕೇಳಿಸಿಕೊಳ್ತಾರೆ. ಅಡುಗೆ ಮಾಡ್ತಾ ಮಾಡ್ತಾ ಕೇಳಬಹುದು, ಅದೇ ಇದರ ಅನುಕೂಲ.”

ಮಧ್ಯಾಹ್ನವೆಲ್ಲ ಓದಿ ಕೊನೆಯ ಪುಟಕ್ಕೆ ಬಂದರು. ಕೊನೆಯ ಪುಟದಲ್ಲಿ ಗಂಡನಿಗೆ ಮಾತಿಲ್ಲ. ಹೆಂಡತಿಗೆ ಒಂದೇ ಮಾತು. ಅವಳು ಮನೆ ಬಿಟ್ಟು ಹೋಗುತ್ತಾಳೆ. ಹೋಗುವಾಗ ‘ಬರ್ತೀನಿ’ ಎನ್ನುತ್ತಾಳೆ. ಕಾದಂಬರಿ ಮುಗಿಯುತ್ತದೆ.

ಆ ಒಂದು ಮಾತಿನ ಮೇಲೆ ಒಬ್ಬ ಪ್ರಾಧ್ಯಾಪಕರು ಉದ್ದನೆಯ ಲೇಖನ ಬರೆದಿದ್ದರು. ಹೊರಡುವವರು ಹೋಗ್ತೀನಿ ಅನ್ನಬಾರದು, ಬರ್ತೀನಿ ಅನ್ನಬೇಕು ಎಂದು ತಾಯಂದಿರು ಮಕ್ಕಳಿಗೆ ಕಲಿಸುತ್ತಾರೆ. ತಿರುಗಿ ಬಾರದವಳ ಬಾಯಲ್ಲೂ ಭಾಷೆ ಆ ಸುಳ್ಳನ್ನೇ ಹೇಳಿಸುತ್ತದೆ, ಎಂದಿದ್ದರು. ‘ಹೇಗೆ ಹೇಳಿದಳು ಎಂಬುದನ್ನು ಲೇಖಕರು ಹೇಳುವುದಿಲ್ಲ. ಬರೀ ಎಂದಳು ಅಷ್ಟೇ. ಈ ಸಂಯಮವೇ ಕಲೆ’ ಎಂದೂ ಬರೆದಿದ್ದರು. ಆ ಸಾಲನ್ನು ಪ್ರಕಾಶಕ ಪುಸ್ತಕದ ಬೆನ್ನ ಮೇಲೆ ಹಾಕಿಸಿದ್ದ.

“ಸರ್, ಇದನ್ನ ಹೇಗೆ ಹೇಳ್ತಾಳೆ ಅವಳು?” ನಟಿ ಕೇಳಿದಳು.

“ಹೇಗೆ ಅಂದ್ರೆ? ಬರ್ತೀನಿ ಅಂತ.”

“ಅಲ್ಲ ಸರ್, ಕೋಪಾನಾ, ದುಃಖಾನಾ? ಸಾಕಾಗಿಹೋಗಿದೆಯಾ? ನೀವು ಏನೂ ಬರೆದಿಲ್ಲ. ಮುಖದಲ್ಲಿ ಏನಿತ್ತು ಅವಳಿಗೆ?”

“ಮುಖ ಕಾಣಿಸ್ತಿರಲಿಲ್ಲ.”

“ಯಾರಿಗೆ?”

“ಅವನಿಗೆ. ಅವನು ಒಳಗಡೆ ಕೂತಿದ್ದ.”

“ಒಳಗೆ ಏನ್ ಮಾಡ್ತಿದ್ದ?”

“ಬರೀತಿದ್ದ.”

“ಅವನು ಗುಮಾಸ್ತ ಅಲ್ವಾ ಸರ್?”

“ಲೆಕ್ಕ,” ಎಂದ ಅವನು. “ಲೆಕ್ಕ ಬರೀತಿದ್ದ.”

ಸಂಯಮವೂ ಇರಲಿಲ್ಲ, ಕಲೆಯೂ ಇರಲಿಲ್ಲ. ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ಅವತ್ತು ಕೊನೆಯ ಅಧ್ಯಾಯ ಸಿಕ್ಕಿಹಾಕಿಕೊಂಡು ಅವನು ಕೋಣೆ ಬಿಟ್ಟು ಎದ್ದಿರಲಿಲ್ಲ. ಹೊರಗೆ ಫೋನ್ ಬಡಿದುಕೊಂಡದ್ದು, ಅವಳು ಅತ್ತಿತ್ತ ಓಡಾಡಿದ್ದು, ಪೆಟ್ಟಿಗೆಯ ಚಿಲಕ ಎಳೆದದ್ದು ಎಲ್ಲ ಕಿವಿಯ ಮೇಲೆ ಬೀಳುತ್ತಿತ್ತು, ಒಳಗೆ ಇಳಿದಿರಲಿಲ್ಲ. ಇಳಿದದ್ದು ಕೊನೆಯ ಒಂದು ಮಾತು. ಬರ್ತೀನಿ. ಅವನಿಗೆ ರೋಮಾಂಚನವಾಯಿತು. ಎಷ್ಟೋ ದಿನದಿಂದ ಹುಡುಕುತ್ತಿದ್ದ ಕೊನೆ ಬಾಗಿಲ ಹತ್ತಿರವೇ ಬಂದು ನಿಂತಿತ್ತು. ಬರೆದು ಮುಗಿಸಿ, ಖುಷಿಯಿಂದ ಹೊರಗೆ ಬಂದು ಅವಳನ್ನು ಕೂಗಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅವಳ ಅಪ್ಪನಿಗೆ ಕಾಯಿಲೆ ಜೋರಾಗಿತ್ತು. ಅವಳು ರಾತ್ರಿಯ ಬಸ್ಸಿನಲ್ಲಿ ಒಬ್ಬಳೇ ಹೋಗಿ ತಲುಪುವಷ್ಟರಲ್ಲಿ ಅಪ್ಪ ತೀರಿಕೊಂಡಿದ್ದರು. ಅವನು ಹೋದದ್ದು ಎಲ್ಲ ಮುಗಿದ ಮೇಲೆ. ಹೋದವನು ಸಮಾಧಾನ ಹೇಳುವ ಬದಲು, ಕಾದಂಬರಿ ಮುಗೀತು, ಎಂದಿದ್ದ. ಅವಳು ತಲೆಯಾಡಿಸಿ ಕುಡಿಯಲು ನೀರು ತಂದುಕೊಟ್ಟಿದ್ದಳು.

ನಟಿ ಕೋಪದಲ್ಲಿ ಹೇಳಿದಳು. ಸರಿಯಾಗಲಿಲ್ಲ. ಅಳುವಿನಲ್ಲಿ ಹೇಳಿದಳು. ಧಾರಾವಾಹಿಯಾಯಿತು, ತಾನೇ ನಕ್ಕಳು. ಏನೂ ಆಗದವಳ ಹಾಗೆ, ಅಂಗಡಿಗೆ ಹೊರಟವಳ ಹಾಗೆ ಹೇಳಿದಳು. “ಇದು ಪರವಾಗಿಲ್ಲ,” ಎಂದ ಹೆಡ್‌ಫೋನು. “ಇನ್ನೊಂದು ತಗೊಳ್ಳೋಣ.”

ಈ ಸಲ ನಟಿ ಪುಸ್ತಕ ನೋಡಲಿಲ್ಲ, ಅವನನ್ನೇ ನೋಡಿದಳು.

“ಬರ್ತೀನಿ,” ಎಂದಳು. ಹೇಳಿ ಸುಮ್ಮನಾಗಲಿಲ್ಲ, ಕಾದಳು. ತಲೆ ತುಸು ವಾಲಿತ್ತು. ಒಳಗಿನಿಂದ ಯಾರೋ ಏನೋ ಅನ್ನಬೇಕು, ಅಂದರೆ ತಿರುಗಬೇಕು ಎಂಬಂತೆ.

ಮೂವತ್ತು ವರ್ಷಗಳ ಮೇಲೆ ಅವನಿಗೆ ಆ ಮಾತು ಕೇಳಿಸಿತು. ಅದು ವಿದಾಯವಾಗಿರಲಿಲ್ಲ, ಅದು ಕರೆ. ಅವಳು ಬಾಗಿಲಲ್ಲಿ ನಿಂತು, ಒಳಗಿನಿಂದ ಒಬ್ಬ ಮನುಷ್ಯ ಎದ್ದು ಬರಲಿ ಎಂದು ಕಾದಿದ್ದಳು. ಅದಕ್ಕೆ ಉತ್ತರವೂ ಅದೇ ಮಾತು. ಹುಡುಕುವ ಕಷ್ಟವೂ ಇರಲಿಲ್ಲ.

“ತಾಳು,” ಎಂದ ಅವನು. “ನಾನೂ ಬರ್ತೀನಿ.”

ನಟಿ ಪುಟ ನೋಡಿದಳು. ಗಾಜಿನ ಆಚೆಯಿಂದ ಹೆಡ್‌ಫೋನಿನ ದನಿ ಬಂತು. “ಸರ್, ಅದು ಪುಸ್ತಕದಲ್ಲಿಲ್ಲ.”

“ಇಲ್ಲ.”

“ಸೇರಿಸ್ಬೇಕಾ?”

ಪ್ರಕಾಶಕ ಹೆಡ್‌ಫೋನಿನ ಪಕ್ಕದಲ್ಲೇ ನಿಂತು ಬೇಡವೆಂದು ಜೋರಾಗಿ ತಲೆಯಾಡಿಸುತ್ತಿದ್ದುದು ಗಾಜಿನಲ್ಲಿ ಕಂಡಿತು. ಆ ಮಾತು ಸೇರಿದರೆ ಕೊನೆ ಕೆಡುತ್ತದೆ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದದ್ದೇ ಅವನ ದುರದೃಷ್ಟ.

“ಬೇಡ,” ಎಂದ.

“ಕತ್ತರಿಸ್ತೀನಿ. ಮೇಡಂದು ಚೆನ್ನಾಗಿ ಬಂದಿದೆ. ಈಗ ಯಾರೂ ಅಲ್ಲಾಡಬೇಡಿ, ರೂಮಿನ ಮೌನ ತಗೊಂಡುಬಿಡ್ತೀನಿ.”

“ಮೌನ ತಗೊಳ್ಳೋದಾ?”

“ಹೂಂ ಸರ್. ಮಾತು ಕತ್ತರಿಸಿದ ಜಾಗ ಹಾಗೇ ಖಾಲಿ ಬಿಟ್ರೆ ಕಿವಿಗೆ ಗುಂಡಿ ಬಿದ್ದ ಹಾಗಾಗುತ್ತೆ. ಅಲ್ಲಿ ಈ ರೂಮಿಂದೇ ಮೌನ ತುಂಬಬೇಕು. ಬೇರೆ ರೂಮಿನದು ಹೊಂದಲ್ಲ. ನಾನು ಆಯ್ತು ಅನ್ನೋವರೆಗೂ ಕೈ ಕಾಲು ಆಡಿಸಬೇಡಿ, ಉಸಿರೂ ಮೆಲ್ಲಗೆ.”

ಕೆಂಪು ದೀಪ ಹತ್ತಿತು. ನಟಿ ಕಣ್ಣು ಮುಚ್ಚಿ ಕೂತಳು. ಅವನು ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕಲ್ಲಿನಂತೆ ಕೂತ. ಸ್ವಲ್ಪ ಹೊತ್ತಿಗೆ ಕೆಳಗಿನ ರಸ್ತೆಯಲ್ಲಿ ಯಾವುದೋ ಗಾಡಿ ಇಂಜಿನ್ ಆರಿಸದೆ ನಿಂತು ಗುರುಗುಟ್ಟತೊಡಗಿತು.

“ಥೂ,” ಎಂದ ಹೆಡ್‌ಫೋನು. “ಅದು ಹೋಗ್ಲಿ. ಹೋದ್ಮೇಲೆ ಶುರು ಮಾಡೋಣ.”

ಗಾಡಿ ಹೋಯಿತು. ಮತ್ತೆ ದೀಪ ಹತ್ತಿತು. ಎಲ್ಲರೂ ಅಲ್ಲಾಡದೆ ಕೂತರು. ಕೊನೆಗೆ ಹೆಡ್‌ಫೋನು, “ಆಯ್ತು” ಎಂದ.

ಅವನು ಮನೆ ಸೇರಿದಾಗ ಬಿಸಿಲು ಇನ್ನೂ ಗೋಡೆಯ ಮೇಲಿತ್ತು. ಹಜಾರದಲ್ಲಿ ಎರಡು ಪೆಟ್ಟಿಗೆ, ಒಂದು ಕೈಚೀಲ. ದಾರಿಯುದ್ದಕ್ಕೂ ಅವನು ಒಂದೇ ಮಾತನ್ನು ಬಾಯಲ್ಲಿಟ್ಟುಕೊಂಡು ಬಂದಿದ್ದ. ಬಾಗಿಲು ದಾಟಿದ ಕೂಡಲೇ ಹೇಳಿಬಿಡಬೇಕು, ಚಪ್ಪಲಿ ಬಿಡುವ ಮುಂಚೆಯೇ, ಎಂದುಕೊಂಡಿದ್ದ. ಚಪ್ಪಲಿ ಬಿಟ್ಟ.

“ಬಂದ್ರಾ? ಹೇಗಾಯ್ತು?” ಅವಳು ಅಡುಗೆಮನೆಯಲ್ಲಿ ಒಲೆ ಒರೆಸುತ್ತಿದ್ದಳು.

“ಚೆನ್ನಾಗಾಯ್ತು.”

“ಬಿ.ಪಿ. ಮಾತ್ರೆ ಎಡಗಡೆ ಖಾನೇಲಿದೆ. ನೀರಿನ ಮೋಟರ್ ಹಾಕಿ ಮರೀಬೇಡಿ.”

“ಹೂಂ.”

ಅವನು ಅಭ್ಯಾಸಬಲದಿಂದ ತನ್ನ ಕೋಣೆಗೆ ಹೋಗಿ ಮೇಜಿನ ಮುಂದೆ ಕೂತ. ಕೂತ ಮೇಲೆ, ಇಲ್ಲಿ ಯಾಕೆ ಕೂತೆ, ಅನ್ನಿಸಿತು. ಏಳುವಷ್ಟರಲ್ಲಿ ಅವಳೇ ಮಾತಾಡಿದಳು.

“ಯಾರು ಓದಿದ್ದು ನನ್ನ… ಆ ಹೆಂಗಸಿನ ಭಾಗ?”

“ಧಾರಾವಾಹಿಯವಳು. ಸೊಸೆಗೆ ಕಾಟ ಕೊಡ್ತಾಳಲ್ಲ.”

“ಅಯ್ಯೋ, ಅವಳಾ!” ಅವಳು ನಕ್ಕಳು. ಅಡುಗೆಮನೆಯಿಂದ ನಗು ಬಂದು ಎಷ್ಟು ಕಾಲವಾಗಿತ್ತು. ಅವನಿಗೆ ಧೈರ್ಯ ಬಂತು. ಈಗ ಹೇಳಬಹುದು. ಹೋಗಬೇಡ ಅಂದರೆ ಸಾಕು.

“ಅವತ್ತು,” ಎಂದ, “ಅಪ್ಪನ ಹತ್ತಿರ ಹೊರಟಾಗ, ಬರ್ತೀನಿ ಅಂದೆಯಲ್ಲ. ಹೇಗೆ ಹೇಳಿದ್ದೆ ಅದನ್ನ?”

ಒಲೆ ಒರೆಸುವ ಸದ್ದು ನಿಂತಿತು. ಅವಳು ಬಂದು ಕೋಣೆಯ ಬಾಗಿಲಲ್ಲಿ ನಿಂತಳು.

“ಇದು ನನಗಾ, ಪುಸ್ತಕಕ್ಕಾ?”

“ನನಗೆ,” ಎಂದ ಅವನು. ಅವಳು ಕೊಟ್ಟ ಎರಡರಲ್ಲೂ ಆ ಉತ್ತರ ಇರಲಿಲ್ಲ. ಅವಳು ಅವನನ್ನು ಸ್ವಲ್ಪ ಹೊತ್ತು ನೋಡಿದಳು.

“ಯಾವುದು ಅಂತ ಹೇಳ್ಲಿ? ನಾಲ್ಕೈದು ಸಲ ಹೇಳಿದ್ದೆ. ಮೊದಲನೇ ಸಲ ಅಳ್ತಾ ಇದ್ದೆ. ಆಮೇಲೆ ಕೂಗಿದ್ದೆ. ನಿಮಗೆ ಕೇಳಿಸಿದ್ದು ಕೊನೇದು.” ಅವಳು ಸೆರಗಿಗೆ ಕೈ ಒರೆಸಿಕೊಂಡಳು. “ಕೊನೇದು ಹೇಗೆ ಹೇಳಿದ್ನೋ ನನಗೂ ನೆನಪಿಲ್ಲ.”

ಕ್ಷಮಿಸು ಎನ್ನಬೇಕು, ಎದ್ದು ಅವಳ ಕೈ ಹಿಡಿಯಬೇಕು. ಹೊರಗೆ ಟ್ಯಾಕ್ಸಿಯ ಹಾರ್ನ್ ಕೇಳಿಸಿತು. ಅವಳು ಗಡಿಯಾರ ನೋಡಿದಳು, ಆಮೇಲೆ ಇನ್ನೊಮ್ಮೆ ಅವನನ್ನು ನೋಡಿದಳು. ಬೆಳಿಗ್ಗೆ ಕೇಳಿದ ಪ್ರಶ್ನೆಗೆ ಉತ್ತರ ಇನ್ನೂ ಬಂದಿಲ್ಲ ಎಂದು ಆ ನೋಟ ಹೇಳುತ್ತಿತ್ತು. ಅದನ್ನು ಓದಲು ಬಾರದಷ್ಟು ದಡ್ಡ ಅವನಲ್ಲ.

ಟ್ಯಾಕ್ಸಿಯವನು ಬಂದು ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋದ. ಅವಳು ಕೈಚೀಲ ತೆಗೆದುಕೊಂಡು ಚಪ್ಪಲಿ ಮೆಟ್ಟಿದಳು. ಮುಂಬಾಗಿಲಿನಿಂದ ಅವನ ಕೋಣೆ ನೇರ ಕಾಣುತ್ತಿತ್ತು. ಅಷ್ಟು ವರ್ಷ ಆ ಬಾಗಿಲಿನಿಂದ ಅವನ ಬೆನ್ನು ಕಾಣುತ್ತಿತ್ತು, ಇವತ್ತು ಮುಖ.

“ಹೋಗ್ತೀನಿ,” ಎಂದಳು.

ಬರ್ತೀನಿ ಅನ್ನಲಿಲ್ಲ.

“ತಾಳು,” ಎಂದ ಅವನು. “ನಾನೂ ಬರ್ತೀನಿ.”

ಮಾತು ಚೆನ್ನಾಗಿ ಬಂತು. ತಾಳು ಎಂಬಲ್ಲಿ ಒಂದು ಸಣ್ಣ ತಡೆ, ಆಮೇಲೆ ದನಿ ತುಸು ಒಡೆದು, ಕೊನೆಗೆ ತಗ್ಗಿ. ಸ್ಟುಡಿಯೋದಲ್ಲಿ ಬಂದದ್ದಕ್ಕಿಂತ ಒಂದು ಕೈ ಮೇಲೆಯೇ. ನಿಜದ ಮಾತು ಅದು, ಅವನ ಬದುಕಿನಲ್ಲಿ ಅಷ್ಟು ನಿಜವಾದ ಮಾತನ್ನು ಅವನು ಆಡಿದ್ದೇ ಇಲ್ಲ. ಆದರೂ ಆಡುತ್ತ ಆಡುತ್ತಲೇ ಅದು ಹೇಗೆ ಕೇಳಿತೆಂದು ಅವನ ಕಿವಿ ನೋಡಿಕೊಂಡುಬಿಟ್ಟಿತು. ಹಾಗೆ ನೋಡಿಕೊಂಡದ್ದನ್ನು ಅವಳು ನೋಡಿದಳು.

ಅವಳು ತಲೆ ತುಸು ವಾಲಿಸಿ, ಇದಾ ಅದಾ ಎಂದು ಒಂದು ಕ್ಷಣ ಅಳೆದಳು. ಆ ಕ್ಷಣದಲ್ಲಿ ಅವಳಿಗೂ ನಂಬಬೇಕೆಂದಿತ್ತೋ ಏನೋ. ಮುಖದಲ್ಲಿ ಕೋಪವಿರಲಿಲ್ಲ.

“ಚೆನ್ನಾಗಿದೆ,” ಎಂದಳು. “ಬರ್ಕೊಳ್ಳಿ.”

ಬಾಗಿಲು ಮೆಲ್ಲಗೆ ಹಾಕಿಕೊಂಡಿತು.

ಏಳು, ಎಂದು ಅವನು ತನಗೆ ತಾನೇ ಹೇಳಿಕೊಂಡ. ಅದೂ ಒಂದು ಸಂಭಾಷಣೆಯಂತೆ ಕೇಳಿತು. ಅಂಗಳದಲ್ಲಿ ಅವಳ ಚಪ್ಪಲಿಯ ಸದ್ದು, ಗೇಟಿನ ಸದ್ದು, ಕಾರಿನ ಬಾಗಿಲ ಸದ್ದು. ಆಮೇಲೆ ಗಾಡಿ ಹೊರಡಲಿಲ್ಲ. ಇಂಜಿನ್ ಓಡುತ್ತಲೇ ಇತ್ತು. ಅವಳು ಏನಾದರೂ ಮರೆತಿದ್ದಾಳೋ, ಟ್ಯಾಕ್ಸಿಯವನು ದಾರಿ ಹುಡುಕುತ್ತಿದ್ದಾನೋ, ಇನ್ನೊಬ್ಬರು ಬರುತ್ತಾರೆ ತಾಳಿ ಎಂದು ಅವಳೇ ಹೇಳಿದ್ದಾಳೋ.

ಅವನು ಮೇಜಿನ ಮುಂದೆ, ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಅಡುಗೆಮನೆಯಿಂದ ಏನೂ ಕೇಳುತ್ತಿರಲಿಲ್ಲ. ಇದು ಈ ಮನೆಯದೇ ಮೌನ, ಬೇರೆ ಎಲ್ಲಿಯದೂ ಹೊಂದುವುದಿಲ್ಲ. ಅಲ್ಲಾಡಿದರೆ ಕೆಡುತ್ತದೆ. ಹೊರಗಿನ ಆ ಗಾಡಿಯ ಗುರುಗುಟ್ಟುವ ಸದ್ದೊಂದು ಹೋದರೆ ಸಾಕು ಎಂದುಕೊಂಡು, ಯಾರಾದರೂ ಆಯ್ತು ಎನ್ನುವವರೆಗೂ, ಅವನು ಉಸಿರು ಬಿಗಿಹಿಡಿದು ಕಾಯುತ್ತ ಕೂತ.